ಸುಲಿದ ದಂಟು, ನೀಲಿ ಹೂವು

"ಅಲ್ಲಾಡಬೇಡಿ. ಕಾಲು ಈ ಕಡೆ ಕೊಡಿ."

ಹೊಳೆಯ ಕಲ್ಲಿನಿಂದ ಜಾರಿ ಬಿದ್ದಿದ್ದ ಅಪರಿಚಿತ ಹಲ್ಲು ಕಚ್ಚಿ ಕಾಲು ಚಾಚಿದ. ಲಮಾರಾ ತನ್ನ ತಲೆವಸ್ತ್ರ ಬಿಚ್ಚಿ ಬಿಗಿಯಾಗಿ ಕಟ್ಟಿದಳು. ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ! ಅಮ್ಮ ತೀರಿಕೊಂಡ ಮೇಲೆ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ...

ಅವನು ರೆವಾಜ್. ರಾಚಾ ಬೆಟ್ಟಗಳ ಗಿಡಗಳನ್ನು ಪಟ್ಟಿ ಮಾಡಲು ರಾಜಧಾನಿ ತ್ಬಿಲಿಸಿಯಿಂದ ಬಂದವನು. ಐದು ದಿನ ಅವಳ ಜಗಲಿಯಲ್ಲೇ ಉಳಿದ.

"ಹೊಳೆಯಾಚೆ ಆಳೆತ್ತರ ಬೆಳೆದು ನೀಲಿ ಹೂ ಬಿಟ್ಟಿದೆಯಲ್ಲ, ಅದರ ದಂಟೊಂದು ತಂದ್ಕೊಡ್ತೀರಾ?"

"ಲಶ್ಕಾರಾನಾ? ನಾವು ಅಕ್ರೋಟು ಅರೆದು ಹಾಕಿ ತಿಂತೀವಿ. ನೀವು ಕಾಗದದಲ್ಲಿಟ್ಟು ಒಣಗಿಸ್ತೀರಾ? ಪಾಪ."

ಮೈಯೆಲ್ಲ ಮುಳ್ಳುಗೂದಲಿನ ಗಿಡ. ಅತಿಥಿಯ ಕೈಗೆ ಹಾಗೇ ಕೊಡುವುದುಂಟೇ? ಆ ಊರಿನ ಹೆಂಗಸರ ಅಭ್ಯಾಸದಂತೆ ಎಲೆ ಬಿಡಿಸಿ, ದಂಟು ಸುಲಿದು ಕೊಟ್ಟಳು. ಅವನು ಹೂ ನೋಡಿದ, ದಂಟು ಸವರಿದ, ಅವಳ ಮುಖ ನೋಡಿದ. 'ಮೃದು ಜಾತಿ' ಎಂದು ಬರೆದುಕೊಂಡ.

ಹೊರಡುವಾಗ, "ಮತ್ತೆ ಬರ್ತೀನಿ," ಅಂದ.

ಬಂದದ್ದು ಕಾಗದ. 'ಅಲ್ಲಿ ಬೆಳೆಯುವುದು ಒರಟು ಜಾತಿ ಎನ್ನುತ್ತಾರೆ ನಮ್ಮ ಹಿರಿಯ ವಿಜ್ಞಾನಿಗಳು. ನೀವು ಕೊಟ್ಟದ್ದು ಹೊಳೆಬದಿಯದೇನಾ? ನಿಜ ಹೇಳಿ.'

ನಿಜ ಹೇಳಬೇಕಂತೆ! ನಾನೇನು ಸುಳ್ಳುಬುರುಕಿಯೇ? ಕಾಗದ ಒಲೆ ಸೇರಿತು. ಉತ್ತರ ಬಾರದ್ದನ್ನೇ ಅವನು ಉತ್ತರ ಅಂದುಕೊಂಡ: ಅವಳು ಬೇರೆಲ್ಲಿಂದಲೋ ತಂದುಕೊಟ್ಟಿದ್ದಳು.

ಹಿಮ ಕಿಟಕಿಯವರೆಗೆ ಏರಿತು. ಲಮಾರಾ ಒಬ್ಬಳಿಗೆ ಒಂದೇ ಮೆಕ್ಕೆಜೋಳದ ರೊಟ್ಟಿ ಸುಟ್ಟುಕೊಂಡಳು, ದಿನವೂ. ಬಾಗಿಲು ಸದ್ದಾದರೆ ಎದ್ದು ಹೋಗಿ ತೆರೆಯುತ್ತಿದ್ದಳು, ಬರೀ ಗಾಳಿ...

ಪಕ್ಕದ ಮನೆಯ ಮುದುಕಿ ನಾನೂಲಿ ಕೆಣಕದೆ ಬಿಡುತ್ತಿರಲಿಲ್ಲ. "ಅವನ ಕಾಲು ವಾಸಿಯಾಗಿ ಹೋಯ್ತು. ನೀನು ಇನ್ನೂ ಕುಂಟ್ತಾ ಇದೀಯಲ್ಲೇ."

ಮತ್ತೆ ಜೂನ್. ಲಶ್ಕಾರಾದ ಎಳೆ ಕುಡಿ ಕೊಯ್ಯಲು ಹೊಳೆಗಿಳಿದವಳು ನಿಂತುಬಿಟ್ಟಳು. ನೀಲಿ ಹೂಗಳ ನಡುವೆ ರೆವಾಜ್! ಅಂಗೈಯೆಲ್ಲ ಗೀರು.

"ಇದರ ಮುಳ್ಳು ಕೊಕ್ಕೆ ಥರ ಇದೆ. ಎಲೆಗೆ ತೊಟ್ಟಿದೆ. ಮೊಗ್ಗು ಗುಲಾಬಿ, ಅರಳಿದ್ರೆ ನೀಲಿ. ಒರಟು ಜಾತಿನೇ. ನೀವು ಕೊಟ್ಟಿದ್ರಲ್ಲಿ ಮುಳ್ಳೇ ಇರ್ಲಿಲ್ಲ ಲಮಾರಾ."

"ಸುಲಿದಿದ್ದೆ. ಅತಿಥಿಗೆ ಸುಲೀದೆ ಕೊಡೋಳು ಈ ಊರಲ್ಲಿ ಯಾರಿದಾಳೆ?"

ಅವನು ಹುಲ್ಲಿನ ಮೇಲೆ ಕುಸಿದು ಕೂತ. "ಸುಲಿದದ್ದು ನನಗೆ ಗೊತ್ತಾಗ್ಬೇಕಿತ್ತು. ಗಿಡ ನೋಡ್ಲೇ ಇಲ್ಲ ನಾನು, ನಿಮ್ಮನ್ನ ನೋಡ್ತಿದ್ದೆ. ತಪ್ಪು ನಂದು. ನಿಮ್ಮ ಮೇಲೆ ಹೊರಿಸ್ದೆ."

ಅವಳ ಕಣ್ಣು ತುಂಬಿತು. "ಚಳಿಗಾಲ ಪೂರ್ತಿ ಹಸು ಹತ್ರ ಮಾತಾಡಿದೀನಿ."

"ನಂಗೆ ಹಸೂನೂ ಇರ್ಲಿಲ್ಲ."

ಅಳುತ್ತಲೇ ನಕ್ಕಳು.

"ನೀವಂದ್ರೆ ನಂಗೆ ಪ್ರೀತಿ ಲಮಾರಾ. ಇಲ್ಲೇ ಇರ್ಲಾ?"

ಅವಳು ತನ್ನ ಬುಟ್ಟಿ ಅವನ ಕೈಗಿತ್ತಳು. ಅವನು ಬಗ್ಗಿ ಕುಡಿ ಚಿವುಟತೊಡಗಿದ.

"ಇಬ್ಬರ ಊಟಕ್ಕೆ ಎಷ್ಟು ಬೇಕು?"

"ಮರ್ತೇ ಹೋಗಿದೆ. ಕೊಯ್ತಾ ಇರಿ."

"ಸಾಕಾದಾಗ ಹೇಳ್ತೀರಾ?"

"ಹೇಳಲ್ಲ," ಅಂದಳು ಲಮಾರಾ.