ಪಟ್ಟಿಗೆ ಎಳೆದಿಟ್ಟ ಸಾಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಪ್ಯೂಟರಿನಲ್ಲಿ ಕೋಡ್ ಬರೆಯುವ ‘ಎಡಿಟರ್’ ತಂತ್ರಾಂಶದ ಎಡಗಡೆ ಒಂದು ಪಟ್ಟಿಯಿದೆ. ಪದೇ ಪದೇ ಬೇಕಾಗುವ ಕೋಡಿನ ತುಣುಕುಗಳನ್ನು ಅಲ್ಲಿಂದ ಮೌಸಿನಲ್ಲಿ ಎಳೆದು ಫೈಲಿಗೆ ಹಾಕಿಕೊಳ್ಳಬಹುದು. ಪ್ರತಿಯೊಂದನ್ನೂ ಎಷ್ಟು ಸಲ ಎಳೆದೆವೆಂಬ ಸಂಖ್ಯೆ ಪಕ್ಕದಲ್ಲೇ ಕಾಣುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅವನ್ನೆಲ್ಲ ತುಂಬಿಟ್ಟವಳು ಆಫೀಸಿನಲ್ಲಿ ಪಕ್ಕದ ಸೀಟಿನ ಅಕ್ಕ, ನನಗೆ ಕೆಲಸ ಕಲಿಸಿದವಳು. ಪ್ರತಿ ತುಣುಕಿನ ತಲೆಯ ಮೇಲೆ, ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸಾಲು ಬರೆಯುವುದು ಅವಳ ಚಾಳಿ: ‘ನೀರು ಕುಡಿಯೋ, ಕತ್ತೆ.’ ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು.

ಅವತ್ತು ರಜೆ. “ರಜಾ ದಿನಾನೂ ಮನೇಲಿರಲ್ವಾ ಸಾರ್?” ಎಂದು ವಾಚ್‌ಮನ್ ಬೀಗದ ಕೈ ಕೊಟ್ಟ.

“ಮನೇಲಿ ಯಾರಿದಾರೆ ಹೇಳು” ಎಂದೆ.

ಮಧ್ಯಾಹ್ನ ತುಣುಕೊಂದನ್ನು ಎಳೆಯುವಾಗ ಮೌಸ್ ಮಂಜುಗಡ್ಡೆಯಂತೆ ತಣ್ಣಗಾಯಿತು. ಫೈಲಿಗೆ ಬಿದ್ದ ಸಾಲು ಬೇರೆಯೇ ಇತ್ತು: ‘ಇವತ್ತೂ ಒಬ್ನೇನಾ?’

ಅಳಿಸಿ ಇನ್ನೊಂದನ್ನು ಎಳೆದೆ. ಮತ್ತೆ ಅದೇ ತಣುಪು. ‘ಅಳಿಸ್ಬೇಡ್ವೋ. ಮಾತಾಡು.’

ಎದ್ದು ಓಡಬೇಕಿತ್ತು. ಆದರೆ ವಾಚ್‌ಮನ್ ಬಿಟ್ಟರೆ ಆ ವಾರವಿಡೀ ನನ್ನನ್ನು ಮಾತಾಡಿಸಿದವರು ಯಾರೂ ಇರಲಿಲ್ಲ. ‘ಹೌದಕ್ಕಾ, ಒಬ್ನೇ. ನೀನು?’ ಎಂದು ಬರೆದು, ಆ ಸಾಲನ್ನೇ ಎಳೆದು ಪಟ್ಟಿಗೆ ಹಾಕಿದೆ. ಹೊಸ ತುಣುಕಾಗಿ ಕೂತಿತು, ಪಕ್ಕದಲ್ಲಿ ಸೊನ್ನೆ. ಕಂಪ್ಯೂಟರ್ ಆರಿಸಿ, ತಂತಿ ಕಿತ್ತು, ಹೊರಡುವಾಗ ಅವಳ ಕುರ್ಚಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಬೀಗದ ಕೈ ರಾತ್ರಿಯೆಲ್ಲ ನನ್ನ ಜೇಬಿನಲ್ಲೇ ಇತ್ತು. ಬೆಳಿಗ್ಗೆ ನಾನೇ ಬಾಗಿಲು ತೆಗೆದು, ತಂತಿ ಸಿಕ್ಕಿಸಿ, ಪಟ್ಟಿ ನೋಡಿದೆ. ಅಕ್ಕನ ತುಣುಕುಗಳೆಲ್ಲ ಮೊದಲಿನಂತೆ ನೀರು ಕುಡಿಯಲೇ ಹೇಳುತ್ತಿದ್ದವು.

ನನ್ನ ಸಾಲಿನ ಪಕ್ಕ ಮಾತ್ರ ಸೊನ್ನೆ ಹೋಗಿ ಒಂದು ಬಂದಿತ್ತು.