ಓರೆಯಿಂದ ಕಂಡ ಕುಳಿ

“ಇದು ಯಾವ ಗಣಿ ಬ್ಲಾಕ್ ರೀ?”

ಹೊಸಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ತನ್ನ ಪ್ರಿಂಟ್ ಹಿಡಿದು ನಿಂತಿದ್ದ ಲಿಂಗರಾಜ್ ತಿರುಗಿ ನೋಡಿದ. ಕೇಳಿದವಳು ದುರ್ಗಾ. ಸಂಡೂರಿನ ಗಣಿ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಅವಳದು. ದೊಡ್ಡ ಹಾಳೆಯ ಝೆರಾಕ್ಸಿಗೆಂದು ಬಂದಿದ್ದಳು. ಬೈತಲೆಯಲ್ಲಿ ಸಣ್ಣಗೆ ಕೆಂಪು ಧೂಳು ಕೂತಿತ್ತು.

“ಬ್ಲಾಕ್ ಅಲ್ರಿ. ಚಂದ್ರ.”

ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಕಣ್ಣು ಮಾತ್ರ ಚಿತ್ರದಿಂದ ಕದಲಲಿಲ್ಲ.

ಅದು 2009ರ ಜನವರಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಲಿಂಗರಾಜನಿಗೆ, ನೌಕೆಗಳು ತೆಗೆದ ಚಂದ್ರನ ಚಿತ್ರಗಳಲ್ಲಿ ಯಾವ ಕುಳಿ ಯಾವುದೆಂದು ಪತ್ತೆ ಹಚ್ಚುವ ಹುಚ್ಚು. ಅವನ ಬಳಿಯಿದ್ದದ್ದು ಭೂಮಿಯಿಂದ ನೋಡಿ ಬರೆದ ನಕ್ಷೆ. ನೌಕೆ ಓರೆಯಾಗಿ ತೆಗೆದ ಚಿತ್ರ ಅದಕ್ಕೆ ಹೊಂದುತ್ತಲೇ ಇರಲಿಲ್ಲ. ದುಂಡನೆಯ ಕುಳಿ ಚಪ್ಪಟೆಯಾಗಿ, ಎಡಕ್ಕಿದ್ದದ್ದು ಬಲಕ್ಕೆ ಹೋಗಿರುತ್ತಿತ್ತು.

ದುರ್ಗಾ ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು. ಬೆಳಕು ಮೇಲಿನಿಂದ ಬಿದ್ದಂತಾಗಿ, ದಿಬ್ಬಗಳಂತೆ ಕಾಣುತ್ತಿದ್ದವೆಲ್ಲ ಗುಂಡಿಗಳಾದವು.

“ಒಂದೇ ಗುಂಡಿ ನೋಡಿದ್ರ ಮೋಸ ಹೋಗ್ತೀರಿ, ಸರ್. ಯಾವುದರ ಅಂಚು ಯಾವುದನ್ನ ತಿಂದೈತಿ, ಅದನ್ನ ನೋಡ್ರಿ. ಅದು ಎಲ್ಲಿಂದ ನೋಡಿದ್ರೂ ಬದಲಾಗಂಗಿಲ್ಲ.”

ಹಾಗೆ ನೋಡಿದಾಗ ಥಿಯೋಫಿಲಸ್ ಸಿಕ್ಕಿತು, ಪಕ್ಕದ ಸಿರಿಲಸ್ಸಿನ ಗೋಡೆಯನ್ನು ಮುರಿದು ಕೂತಿದ್ದ ದೊಡ್ಡ ಕುಳಿ.

ಆಮೇಲೆ ಭಾನುವಾರಗಳೆಲ್ಲ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಳೆದವು. ಮೇಜಿನ ಮೇಲೆ ಮಿರ್ಚಿ, ಮಂಡಕ್ಕಿ, ಚಂದ್ರ. ಅವಳು ಹಾಳೆಯತ್ತ ಬಾಗಿದಾಗ ಅವನು ಅವಳ ರೆಪ್ಪೆಗಳನ್ನು ನೋಡುತ್ತಿದ್ದ. ತಲೆಯೆತ್ತದೆಯೇ ಅವಳು, ಕುಳಿ ಇರುವುದು ಹಾಳೆಯಲ್ಲಿ ಎಂದು ನೆನಪಿಸುತ್ತಿದ್ದಳು. ಮದುವೆಯ ಮಾತನ್ನು ದಸರೆಗೆ ಮನೆಯಲ್ಲಿ ಎತ್ತುವುದೆಂದು ಇಬ್ಬರೂ ಅಂದುಕೊಂಡಿದ್ದರು.

ಸೆಪ್ಟೆಂಬರಿನ ಮಳೆಯಲ್ಲಿ ಸಂಡೂರಿನ ಗಣಿಯ ಗುಡ್ಡ ಕುಸಿಯಿತು. ತಮ್ಮೂರು ಬಂಡ್ರಿಯಿಂದ ಅದಿರು ಒಡೆಯಲು ಹೋಗಿದ್ದ ಲಿಂಗರಾಜನ ಅಣ್ಣ ಹುಲುಗಪ್ಪ ಮನೆಗೆ ಬರಲಿಲ್ಲ. ಅಂದು ತಮ್ಮಲ್ಲಿ ಕೆಲಸವೇ ಇರಲಿಲ್ಲ, ಅವನು ಹೊರಗಿನ ಯಾವುದೋ ಹಳೇ ಗುಂಡಿಗೆ ಹೋಗಿರಬೇಕು ಎಂದಿತು ದುರ್ಗಾಳ ಕಂಪನಿ. ಅಂಥ ಗುಂಡಿಗಳು ಗುಡ್ಡದ ತುಂಬ ಇದ್ದವು. ಎಲ್ಲಿ ಅಗೆಯುವುದು? ಪತ್ರಿಕೆಯವರೊಬ್ಬರು ಎದುರು ಗುಡ್ಡದಿಂದ ತೆಗೆದ, ಕುಸಿದ ಜಾಗದ ಒಂದು ಫೋಟೋ ಬಿಟ್ಟರೆ ಬೇರೆ ಗುರುತಿರಲಿಲ್ಲ. ಅತ್ತಿಗೆ ಭೀಮಮ್ಮ ಐದು ದಿನ ಬಾಗಿಲಲ್ಲೇ ಕೂತಳು. ತಾಳಿ ತೆಗೆಯಬೇಕೋ ಬೇಡವೋ ಎಂದು ಯಾರೂ ಅವಳಿಗೆ ಹೇಳುವಂತಿರಲಿಲ್ಲ.

ಲಿಂಗರಾಜ್ ಫೋಟೋ ಹಿಡಿದು ಸಂಡೂರಿಗೆ ಹೋದ. ದುರ್ಗಾ ನೋಡಿ, ತನಗೆ ಗುರುತು ಹತ್ತುತ್ತಿಲ್ಲವೆಂದು ಹಿಂದಕ್ಕೆ ಕೊಟ್ಟಳು.

ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಹೊಳೆಯಿತು. ಅವಳು ಫೋಟೋವನ್ನು ಒಂದು ಸಲವೂ ತಿರುಗಿಸಿರಲಿಲ್ಲ. ನೋಡಿದ ಕೂಡಲೇ ಗೊತ್ತಾಗಿತ್ತು ಅವಳಿಗೆ.

ಮರುದಿನ ಬೆಳಿಗ್ಗೆ ಅವಳೇ ಬಂಡ್ರಿಗೆ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

“ಅದು ನಮ್ಮ ಮೂರನೇ ಪಿಟ್. ಗುತ್ತಿಗಿ ಗಡಿ ದಾಟಿ ಕಡಿದಿದ್ರು. ಗೋಡಿ ನೆಟ್ಟಗ ನಿಂತಿತ್ತು, ಬೀಳ್ತೈತಿ ಅಂತ ನನಗ ಗೊತ್ತಿತ್ತು. ನಕ್ಷೆದಾಗ ಇಳಿಜಾರು ಐತಿ ಅಂತ ಹಾಕು ಅಂದ್ರು. ಹಾಕಿ ಸಹಿ ಮಾಡೀನಿ.”

ಭೀಮಮ್ಮ ಅವಳನ್ನೇ ನೋಡಿದಳು. ಬಯ್ಯಲಿಲ್ಲ. ಎಲ್ಲಿ ಅಗೆಯಬೇಕು ಎಂದಷ್ಟೇ ಕೇಳಿದಳು.

ದುರ್ಗಾ ಪೊಲೀಸರ ಮುಂದೆ ಫೋಟೋದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದಳು: ಹಳೇ ಗುಂಡಿಯ ಅಂಚನ್ನು ಹೊಸದು ತಿಂದ ಜಾಗ, ಅದರ ಕೆಳಗೆ ಮಣ್ಣು. ಎಂಟನೇ ದಿನ ಹುಲುಗಪ್ಪ ಅಲ್ಲೇ ಸಿಕ್ಕ. ಕೆಂಪು ಮಣ್ಣನ್ನು ತೊಳೆಯಲು ನಾಲ್ಕು ಕೊಡ ನೀರು ಬೇಕಾಯಿತು. ಲಿಂಗರಾಜನೇ ತೊಳೆದ.

ದುರ್ಗಾಳ ಕೆಲಸ ಹೋಯಿತು. ಸಹಿ ಅವಳದಾದ್ದರಿಂದ ಕೇಸಿನಲ್ಲಿ ಅವಳ ಹೆಸರೂ ಸೇರಿತು. ಲಿಂಗರಾಜ್ ಮೂರು ತಿಂಗಳು ಅವಳ ಫೋನ್ ಎತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ಮನೆ ಪ್ಲಾನ್ ಬರೆಯುವ ಕೆಲಸ ಸಿಕ್ಕಿದೆ, ಮಧ್ಯಾಹ್ನದ ರೈಲಿಗೆ ಹೊರಟಿದ್ದೇನೆ, ಇನ್ನು ಕೋರ್ಟಿನ ತಾರೀಖಿಗೆ ಮಾತ್ರ ಬಂದು ಹೋಗುತ್ತೇನೆ ಎಂದು ಮೆಸೇಜ್ ಬಂದ ದಿನ, ಅವನು ಹೊಸಪೇಟೆ ಸ್ಟೇಷನ್ನಿಗೆ ಬಂದ. ಅವಳಿದ್ದ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ಅವಳು ಸೊರಗಿದ್ದಳು.

“ನಿಮ್ಮನ್ನ ಮನಿಗೆ ಕರ್ಕೊಂಡು ಹೋಗಾಕ ಆಗಂಗಿಲ್ಲ,” ಎಂದ. “ಅತ್ತಿಗಿ ಮುಂದ ನಿಮ್ಮ ಕೈಯಾಗಿನ ನೀರು ಇಸ್ಕೊಂಡು ಕುಡಿಯಾಕ ನನಗ ಆಗಂಗಿಲ್ಲ.”

“ಗೊತ್ತೈತ್ರಿ.”

“ನಿಮ್ಮ ಮ್ಯಾಲಿನ ಪ್ರೀತಿ ಮಾತ್ರ ಹೋಗವಲ್ದು. ಹೋಗ್ಲಿ ಅಂತ ಭಾಳ ನೋಡಿದೆ.”

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ನಡುವಿನ ಜಾಗಕ್ಕೆ ಸರಿದು ಕೂತ.

ಮಧ್ಯಾಹ್ನದ ರೈಲು ಬಂತು, ನಿಂತಿತು, ಹೋಯಿತು. ಅವಳು ಏಳಲಿಲ್ಲ, ಅವನು ಏಳಿ ಎನ್ನಲಿಲ್ಲ. ಚಹಾ ತಂದ, ಇಬ್ಬರೂ ಕುಡಿದರು. ಹುಬ್ಬಳ್ಳಿಯಲ್ಲಿ ಇರುವುದೆಲ್ಲಿ ಎಂದು ಕೇಳಿದ, ಅವಳು ಹೇಳಿದಳು.

ಸಂಜೆಯ ರೈಲಿಗೆ ಅವಳ ಚೀಲವನ್ನು ಅವನೇ ಹತ್ತಿಸಿದ.