ಕೆಂಪು ಸೆರಗಿನ ತುಂಡು

ಸುಧಾರಾಣಿ ಬೀಸಿ ಒಗೆದ ಸ್ಟೀಲ್ ಚರಿಗಿ ನಿಂಗರಾಜನ ಹಣೆಗೆ ಬಡಿದು ಠಣ್ ಅಂತ ನೆಲಕ್ಕ ಬಿತ್ತು. ಹುಬ್ಬಿನ ಮ್ಯಾಲಿಂದ ರಕ್ತ ಇಳೀತು.

ಅವನು ವಾರ್ಡಿಗೆ ಅವತ್ತಽ ಬಂದ ಹೊಸ ನರ್ಸ್. ಕೈಯಾಗ ಕೆಂಪು ಅರಿವಿ ಹಿಡಕೊಂಡು ಬಾಣಂತಿ ಮಾಯವ್ವನ ಮಂಚದ ಕಡೆ ಬಂದಿದ್ದ. ಅಷ್ಟು ಸಾಕಾತು ಸುಧಾರಾಣಿಗೆ.

"ಕಟ್ಟಿದ್ರ ಕೈ ಮುರೀತೇನಿ ನೋಡು..."

ಅವನು ಹಣೆ ಒರೆಸಿಕೊಂಡ. ಸುಧಾರಾಣಿ ಸಿಟ್ಟಿನಿಂದ ಹೊರಗ ಹೋದಳು.

ಇಳಕಲ್ಲ ದಾರಿಯ ಆ ಸಣ್ಣ ಹೆರಿಗಿ ದವಾಖಾನ್ಯಾಗ ಒಂದು ಕೆಟ್ಟ ಪದ್ಧತಿ ಇತ್ತು. ಎಚ್‌ಐವಿ ಇದ್ದಾಕಿ ಮಂಚಕ್ಕ ಕೆಂಪು ಅರಿವಿ ಕಟ್ಟೂದು. ನರ್ಸಮ್ಮಗಳು ಹುಷಾರಿರಲಿ ಅಂತ ಕಟ್ಟಿದ್ದು, ಊರಿಗೆಲ್ಲಾ ಡಂಗುರ ಹೊಡೆದಂಗ ಆಗತಿತ್ತು.

ಸುಧಾರಾಣಿನೂ ಒಂದು ಕಾಲಕ್ಕ ಅಂಥಾ ಮಂಚದ ಮ್ಯಾಲೆ ಮಲಗಿದಾಕಿನಽ. ಅರಿವಿ ನೋಡಿದ ಅತ್ತಿಮನಿಯವರು ಕೂದಲು ಹಿಡಿದು ಅಂಗಳಕ್ಕ ಎಳೆದು ಒದ್ದಿದ್ದರು. ಹಸಿ ಕೂಸು ಆ ಗದ್ದಲದಾಗ ಉಳೀಲಿಲ್ಲ. ಅವಳ ಎಡಮೊಳಕೈ ಇವತ್ತಿಗೂ ಪೂರ್ತಿ ಮಡಚೂದಿಲ್ಲ. ಈಗ ಅಂಥ ಹೆಣ್ಮಕ್ಕಳನ್ನ ದವಾಖಾನಿಗೆ ಕರಕೊಂಡು ಬಂದು, ತಪ್ಪದಽ ಗುಳಿಗಿ ನುಂಗಿಸೂದು ಅವಳ ಕೆಲಸ.

ಮಾಯವ್ವನ ಗಂಡ ಗುರಪ್ಪನ ಕಿವಿಯಾಗ ಯಾರೋ ರೋಗದ ಸುದ್ದಿ ಊದಿದ್ದರು. ಹೆಂಡತಿ ಮಂಚಕ್ಕ ಕೆಂಪು ಅರಿವಿ ಕಂಡ್ರ ಅಲ್ಲೇ ಕೊಲ್ಲತೇನಿ ಅಂದು ತನ್ನೂರು ರಾಮಥಾಳದಿಂದ ಹೊಂಟಿದ್ದ; ಆ ಮಾತು ವಾರ್ಡಿಗೆಲ್ಲಾ ಮುಟ್ಟಿತ್ತು. ರೋಗ ತಂದವನು ತಾನು, ಸಿಟ್ಟು ಹೆಂಡತಿ ಮ್ಯಾಲೆ. ಏನು ಗಂಡಸೋ!

ಹೊರಗ ಬೈಕ್ ನಿಂತ ಸಪ್ಪಳ ಕೇಳಿ ಸುಧಾರಾಣಿ ಒಳಗ ಓಡಿದಳು. ಓಡಿದಾಕಿ ಬಾಗಲದಾಗಽ ನಿಂತುಬಿಟ್ಟಳು.

ಮಾಯವ್ವನ ಮಂಚಕ್ಕ ಕೆಂಪು ಅರಿವಿ. ಬಾಜೂ ಮಂಚಕ್ಕೂ ಕೆಂಪು... ಅದರಾಚೆದಕ್ಕೂ! ವಾರ್ಡಿನ ಎಲ್ಲಾ ಮಂಚಕ್ಕೂ ಕೆಂಪು ಅರಿವಿ. ಕಡೇ ಮಂಚದ ಹತ್ರ ನಿಂಗರಾಜ ಗಂಟು ಬಿಗೀತಿದ್ದ. ಕೈಯಾಗ, ಹೊದಿಯಾಕಂತ ಮನಿಯಿಂದ ತಂದಿದ್ದ ಅವ್ವನ ಇಳಕಲ್ಲ ಸೀರಿಯ ಹರಿದ ಸೆರಗು, ಹಣೆ ಮ್ಯಾಲೆ ರಕ್ತ.

'ಅಯ್ಯ ಶಿವನ... ಇಂಥವನಿಗೆ ಹೊಡದ್ನಲ್ಲ ನಾ!'

ಗುರಪ್ಪ ಕೊಡಲಿಕಾವು ಹಿಡಕೊಂಡು ನುಗ್ಗಿದ. ಎಲ್ಲಾ ಕಡೆ ಕೆಂಪು ಕಂಡು ತಬ್ಬಿಬ್ಬಾದ. ಮಾಯವ್ವ ಕೂಸನ್ನ ಎದಿಗವುಚಿಕೊಂಡಳು. ಅವನು ಅವಳ ಜಡಿಗೆ ಕೈ ಹಾಕಿ, ಖರೆ ಹೇಳು, ಯಾರಿಗೈತಿ ರೋಗ ಅಂತ ಒದರಿದ.

"ನನಗೈತಿ," ಅಂದಳು ಸುಧಾರಾಣಿ. "ಹೊಡಿಯೂದಿದ್ರ ನನ್ನ ಹೊಡಿ."

ಕಾವು ಮ್ಯಾಲೆದ್ದಿತು. ಅವಳು ಕಣ್ಣು ಮುಚ್ಚಿದಳು. ಎಲುಬು ಮುರಿದ ಸಪ್ಪಳ ಕೇಳಿಸ್ತು... ಆದ್ರ ನೋವಾಗಲಿಲ್ಲ. ನಿಂಗರಾಜ ತನ್ನ ಕೈ ಅಡ್ಡ ಕೊಟ್ಟಿದ್ದ.

ಎರಡನೇ ಏಟಿಗೆ ಗುರಪ್ಪಗ ಪುರಸೊತ್ತು ಸಿಗಲಿಲ್ಲ. ಬಾಣಂತ್ಯಾರು ಕೈಗೆ ಸಿಕ್ಕ ಚರಿಗಿ, ಬುತ್ತಿಡಬ್ಬಿ ಎಲ್ಲಾ ಅವನ ಮಾರಿಗೆ ಒಗೆದರು. ಪೊಲೀಸರು ಬರೂತನಕ ಅವನು ಮಂಚದ ಕೆಳಗ ಅಡಗಿದ್ದ.

ಮರುದಿನ ದೊಡ್ಡ ಡಾಕ್ಟರು ಅರಿವಿ ಎಲ್ಲಾ ಬಿಚ್ಚಿಸಿದರು. ಇನ್ನ ಮುಂದ ಯಾವ ಮಂಚಕ್ಕೂ ಗುರುತು ಬ್ಯಾಡ, ಯಾವ ಹೆಣ್ಮಗಳನ್ನ ಮುಟ್ಟಿದರೂ ಕೈಗವಸು ಹಾಕ್ರಿ, ಎಲ್ಲಾರೂ ಒಂದಽ ಅಂದರು. ಮಾಯವ್ವ ಕೂಸಿಗೆ ರೋಗ ಹತ್ತದಂಗ ಔಷಧದ ಹನಿ ಹಾಕಿಸಿಕೊಂಡು ತವರಿಗೆ ಹೋದಳು.

ಕೈಗೆ ಪ್ಲಾಸ್ಟರ್ ಇರೂತನಕ ನಿಂಗರಾಜಗ ಸುಧಾರಾಣಿನಽ ರೊಟ್ಟಿ ಕಟ್ಟಿಕೊಂಡು ಬಂದಳು. ತುತ್ತು ಮುರಿದು ಕೊಡೂ ಮುಂದ ಮಾತ್ರ ಅವನ ಬೆರಳಿಗೆ ತನ್ನ ಬೆರಳು ತಾಗದಂಗ ನೋಡಿಕೊಳ್ಳತಿದ್ದಳು. ಪ್ಲಾಸ್ಟರ್ ಬಿಚ್ಚಿದ ದಿನ ಅವನು ಆ ಬೆರಳು ಹಿಡಕೊಂಡ.

"ನನ್ನ ರೋಗ ಗೊತ್ತಿದ್ದೂ...?"

"ಗುಳಿಗಿ ತಪ್ಪಸ್ತೀ ಏನು?"

"ಒಂದಿನಾನೂ ಇಲ್ಲ."

"ಗುಳಿಗಿ ತಪ್ಪಲಿಲ್ಲಂದ್ರ ರೋಗ ದಾಟೂದಿಲ್ಲ, ಮತ್ತ್ಯಾಕ ಅಂಜಲಿ? ನನಗ ಅಂಜಿಕಿ ಇರೂದು ನಿನ್ನ ಚರಿಗೀದು."

ಅವಳು ನಕ್ಕಳು, ನಗುತ್ತಽ ಅತ್ತಳು.

"ನಿಮ್ಮವ್ವನ ಸೀರಿ ಹರದ್ಯಲ್ಲ, ಅಕಿಗೇನು ಹೇಳ್ದಿ?"

"ಸೊಸಿ ಹೊಸಾದು ತರ್ತಾಳ ಅಂತ ಹೇಳೇನಿ."

ಸುಧಾರಾಣಿ ತಲಿ ಬಗ್ಗಿಸಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಸೆರಗು ಯಾವ ಬಣ್ಣದ್ದಿರಲಿ?" ಅಂತ ಕೇಳಿದಳು.

"ಕೆಂಪಽ ಇರಲಿ."